ಹಾಜರಿ

ಜ್ಞಾನಸ್ನಾನದ ಪುಸ್ತಕದಲ್ಲಿ ನಾನು ಸಾಲ್ವದೋರ್,
ಬೈತಖೋಲದ ಬಾಯಲ್ಲಿ ಬರೀ ಸಾಲು.
ಸಾಲು ಅಂದಮೇಲೆ ಒಬ್ಬರ ಹಿಂದೆ ಒಬ್ಬರು ಇರಬೇಕು.
ತಿರುಗಿ ನೋಡಿದರೆ
ಗೋಡೆಗೆ ಒರಗಿದ ಮಡಚು ಕುರ್ಚಿಗಳು.

ಜೂನಿನಲ್ಲಿ ಇಪ್ಪತ್ತೆರಡು ಮಂದಿ.
ಆಗ ಬೋಟುಗಳಿಗೆ ರಜೆ,
ಹುಡುಗರಿಗೆ ಹೊತ್ತು ಹೋಗಬೇಕಿತ್ತು,
ಕೇರಂ ಬೋರ್ಡು ನಮ್ಮಲ್ಲಿತ್ತು.
ಅದನ್ನೇ ನಾನು ದೇವರ ಕೃಪೆ ಎಂದು ಬರೆದುಕೊಂಡೆ.
ಆಗಸ್ಟಿನಲ್ಲಿ ಹದಿನಾಲ್ಕು. ಚೌತಿ ಕಳೆದು ಒಂಬತ್ತು.
ಈ ಭಾನುವಾರ ಮೂರು;
ಅದರಲ್ಲೊಬ್ಬಳು ಅಂಕೋಲೆಯ ಬಸ್ಸು ತಪ್ಪಿ
ನೆರಳಿಗೆಂದು ಒಳಗೆ ಬಂದವಳು.

ನಂಬಿಕೆಯ ಬಗ್ಗೆ ಮಾತಾಡಿದೆ.
ಟ್ಯೂಬ್‌ಲೈಟು ಮಿಣುಕಿತು, ಆರಿತು, ಮತ್ತೆ ಮಿಣುಕಿತು.
ಮೂವರೂ ಅದನ್ನೇ ನೋಡುತ್ತಿದ್ದರು.
ಸ್ಟೂಲು ಹತ್ತಿ ಸ್ಟಾರ್ಟರ್ ತಿರುಗಿಸಿದೆ.
ಅಂದು ಚಪ್ಪಾಳೆ ಗಿಟ್ಟಿದ್ದು ಅದೊಂದಕ್ಕೇ.
ಏಳೂವರೆಗೆ ಮುಗಿಯಬೇಕಾದ್ದು ಏಳಕ್ಕೇ ಮುಗಿಯಿತು.

ಎರಡು ಮೂರು ಜನ ಸಾಕು ಅಂತ ಬರೆದಿದೆಯಲ್ಲೋ,
ಫಾದರ್ ಎಲಿಜಿಯೊ ಹೀಗೇ ಹೇಳುತ್ತಾರೆಂದು ಗೊತ್ತಿತ್ತು,
ಆಮೇಲೆ ಚಹಾ ತರಿಸುತ್ತಾರೆಂದೂ.
ಬೆಳಗಿನ ಪೂಜೆಯ ನಂತರ
ಕೀಲಿಕೈ ಅವರ ಮೇಜಿನ ಮೇಲಿಟ್ಟು
ಚಹಾ ಬರುವ ಮೊದಲೇ ಎದ್ದುಬಿಡುವುದೆಂದು
ರಾತ್ರಿಯೆಲ್ಲ ಅಭ್ಯಾಸ ಮಾಡಿದೆ.

ಸೋಮವಾರ ನಸುಕು. ದಾರಿ ಬಂದರದ ಮೇಲೆಯೇ.
ಐಸು ಒಡೆಯುವ ಸದ್ದು, ಡೀಸೆಲ್ ಹೊಗೆ,
ಬುಟ್ಟಿಗಳ ನಡುವೆ ಮೊಣಕಾಲವರೆಗೆ ಬಂಗಡೆಯಲ್ಲಿ ಅಗ್ನೆಲ್,
ನಮ್ಮಲ್ಲಿಗೆ ಎರಡೇ ಸಲ ಬಂದವನು,
ಎರಡೂ ಸಲ ನಿದ್ದೆ ಹೋದವನು.

"ಏನು ಸಾಲಣ್ಣ, ನಿನ್ನೆ ಲೈಟು ಬೇಗ ಆರ್ತು?"
"ಯಾರೂ ಇರ್ಲಿಲ್ಲ."
"ನಾವಿದ್ವಲ್ಲ," ಅಂದ,
ಗದ್ದದಿಂದಲೇ ಕಡಲು ತೋರಿಸುತ್ತ.

"ಆರು ರಾತ್ರಿ ನೀರ ಮೇಲೆ.
ವಾರ ಯಾವುದು ಅಂತ ಫೋನೂ ಹೇಳ್ತದೆ, ಅದು ಬೇರೆ.
ದೇವಗಡ ದಾಟಿ ಈಚೆ ತಿರುಗಿದಾಗ
ಗುಡ್ಡದ ಮಗ್ಗುಲಲ್ಲಿ ನಿನ್ನ ಆ ಹಾಳು ಲೈಟು
ಮಿಣ್ ಅಂತು ಅಂದ್ರೆ ಯಾರೋ ಒಬ್ಬ ಅಂತಾನೆ,
ಇವತ್ತು ಭಾನುವಾರ, ಸಾಲು ಮಾತಾಡ್ತಾ ಇದ್ದಾನೆ.
ತಾಂಡೇಲ ಟೊಪ್ಪಿ ತೆಗೀತಾನೆ.
ಅವ ಹರಿಕಂತ್ರ, ನಮ್ಮ ಇಗರ್ಜಿಯವನೂ ಅಲ್ಲ."

ನನ್ನ ಮುಖ ನೋಡಿ ಅವನಿಗೆ ಗಾಬರಿಯಾಗಿರಬೇಕು.
"ದೀಪಸ್ತಂಭ ಗೀಪಸ್ತಂಭ ಅಂತ ಉಬ್ಬಬೇಡ ಮಾರಾಯ.
ಅದು ದೇವಗಡದಲ್ಲಿದೆ, ಸರ್ಕಾರದ್ದು.
ನಿಂದು ಬರೀ ಟ್ಯೂಬ್‌ಲೈಟು."
ಒಂದು ಪ್ಲಾಸ್ಟಿಕ್ ಚೀಲಕ್ಕೆ ಆರು ಬಂಗಡೆ ಎಸೆದು
ಕೆಲಸಕ್ಕೆ ಬಗ್ಗಿದ.

ಹುಮ್ಮಸ್ಸೇನೂ ಉಕ್ಕಲಿಲ್ಲ.
ಫಾದರ್ ಮನೆಗೆ ಹೋದೆ, ಮೂರು ಬಂಗಡೆ ಕೊಟ್ಟೆ,
ಚಹಾ ಬಂತು, ಕುಡಿದೆ.
ಕೀಲಿಕೈ ಜೇಬಿನಲ್ಲೇ ಇತ್ತು,
ಅದಕ್ಕೂ ಮೀನಿನ ವಾಸನೆ ಹತ್ತಿತ್ತು.

ಮುಂದಿನ ಭಾನುವಾರ ಅಗ್ನೆಲ್ ಬರಲಿಲ್ಲ.
ತಂಗಿ ಲವೀಟಾ ಬಂದಳು, ಪಿಯುಸಿ ಬ್ಯಾಗು ಹೆಗಲಿಗೆ,
ಕಾಗದದಲ್ಲಿ ಸುತ್ತಿದ ಹೊಸ ಸ್ಟಾರ್ಟರ್ ಕೈಯಲ್ಲಿ.
"ಅಣ್ಣ ಕೊಟ್ಟ. ಈಗಲೇ ಹಾಕಬಾರದಂತೆ.
ಮಿಣುಕದೆ ನೆಟ್ಟಗೆ ಉರಿದರೆ
ಯಾರ ಮನೆ ಲೈಟೋ ಅಂದ್ಕೋತಾರಂತೆ.
ಹಳೇದು ಪೂರ್ತಿ ಹೋದ ದಿನಕ್ಕೆ ಇಟ್ಟಿರು ಅಂದ."

ಕಪಾಟಿನಲ್ಲಿಟ್ಟೆ, ಕೇರಂ ಕಾಯಿಗಳ ಪಕ್ಕ.
ಕಿಟಕಿ ಬಾಗಿಲು ಎರಡೂ ತೆರೆದೆ, ಕಡಲ ಕಡೆಯದು.
ನಾಲ್ಕು ಮಂದಿ. ಬಸ್ಸಿನವಳು ಇರಲಿಲ್ಲ.
ನಾಲಿಗೆ ಎರಡು ಕಡೆ ತಡವರಿಸಿತು, ತಡವರಿಸಲಿ ಎಂದು ಬಿಟ್ಟೆ.

ಏಳೂವರೆಗೆ ಹಾಜರಿ ಪುಸ್ತಕ ತೆಗೆದು
ಅಗ್ನೆಲ್ ಹೆಸರಿನ ಮುಂದೆ
ಸೊನ್ನೆ ಹಾಕಲು ಹೋದ ಪೆನ್ನು ನಿಂತಿತು.
ಕಡಲಲ್ಲಿ, ಎಂದು ಬರೆದೆ.
ಲೈಟು ಆರಿಸದೆ ಇನ್ನಷ್ಟು ಹೊತ್ತು ಕೂತೆ.