ಎಂಟೂವರೆಯ ಲೆಕ್ಕ

ಸಿಮೆಂಟ್ ಫ್ಯಾಕ್ಟರಿಯ ಹೊಗೆ ಮಧ್ಯಾಹ್ನ ಮೂರಕ್ಕೆ
ವಾಲದೆ ನೆಟ್ಟಗೆ ನಿಂತರೆ
ಸಂಜಿಗಿ ಏನೋ ಅದ ಅಂತ ತಿಳಿ, ಅನ್ನುತ್ತಿದ್ದ
ನನಗಿಂತ ಮೊದಲು ಈ ಕೀಲಿ ಇಟ್ಟುಕೊಂಡಿದ್ದ ಖಾಜಾಸಾಬ.
ಇವತ್ತು ನಿಂತಿದೆ.
ಫರ್ಸಿ ಅಂಗಳ ರೊಟ್ಟಿ ಹಂಚಿನಂತೆ ಕಾದು
ಬೇವಿನ ಬುಡದಲ್ಲಿ ಮಲಗಿದ ನಾಯಿಗೆ
ನಾಲಿಗೆಯೊಂದೇ ಎಚ್ಚರ.

ಭರಣಿ ಹೊಕ್ಕು ಐದು ದಿನ, ಐದೂ ದಿನ ಇದೇ ಆಟ:
ಸೇಡಂ ದಿಕ್ಕಿಗೆ ಹೂಕೋಸಿನಂಥ ಬಿಳಿಮೋಡ,
ನೋಡನೋಡುತ್ತ ಅದರ ತಳ ಮಸಿ,
ಆಮೇಲೆ ಗಾಳಿ.
ತೊಗರಿಕಟ್ಟಿಗೆ ಉರುಳಿಸಿ, ಪತ್ರಾ ಕಿತ್ತು,
ಕಲ್ಲಂಗಡಿ ಗಾಡಿಯ ತಾಡಪತ್ರಿಯನ್ನು
ಜಾಲಿಗಿಡಕ್ಕೆ ತೊಡಿಸುವ ಗಾಳಿ.
ಕರೆಂಟು ಮೊದಲ ಮಿಂಚಿಗೂ ಕಾಯುವುದಿಲ್ಲ.

ಹೊಸ್ತಿಲಲ್ಲಿ ನಿಂತು ಎಣಿಸುತ್ತೇನೆ.
ಮಿಂಚಿತು. ಒಂದು, ಎರಡು, ಮೂರು…
ಒಂಬತ್ತಕ್ಕೆ ಗುಡುಗು. ಮೂರು ಕಿಲೋಮೀಟರ್.
ಮತ್ತೆ ಮಿಂಚು. ಹನ್ನೆರಡು.
ಹದಿನೇಳು.
ಹೋಯಿತು, ಕಾಗಿಣಾ ದಾಟಿ ಮಳಖೇಡಕ್ಕೆ.

ಪಂಚಾಯ್ತಿ ಮಾಳಿಗೆಯ ಹೊಸ ಮಳೆಯಂತ್ರದೊಳಗೆ
ಗುಬ್ಬಿ ಸಂಸಾರ ಹೂಡಿದೆ;
ನನ್ನ ಕೆಲಸ ಉಳಿದಿರುವುದು ಆ ಗುಬ್ಬಿಯ ದಯೆಯಿಂದ.
ದಿನಾ ಬೆಳಿಗ್ಗೆ ಎಂಟೂವರೆಗೆ ಕೀಲಿ ತೆಗೆದು
ಬಾಟಲಿಯ ನೀರು ಗಾಜಿಗೆ ಸುರಿದು
ಅಂಕಿ ಬರೆದು ತಾಲೂಕಿಗೆ ಫೋನು.
ಅವರು ಕೇಳುವುದು ಒಂದೇ ಮಾತು:
"ಚಂದ್ರಭಾಗಾ, ಎಷ್ಟು?"

ಹಳೆಯ ರಿಜಿಸ್ಟರಿನ ಷರಾ ಕಾಲಂನಲ್ಲಿ
ಖಾಜಾಸಾಬನ ಪೆನ್ಸಿಲ್ ಇನ್ನೂ ಮಾತಾಡುತ್ತದೆ.
"ಆಣಿಕಲ್ಲು, ಹುಣಸಿಬೀಜದಷ್ಟು."
"ಸಿಡಿಲು. ಈಚಲಗಿಡ ಮುಂಜಾನಿ ತನಕ ಉರೀತು. ಮಳಿ ಇಲ್ಲ."
ಒಂದು ಕಡೆ, ಇಸವಿ ಅಳಿಸಿದೆ:
"ಬರೇ ವಾಸನಿ ಬಂತು."

ಆರನೇ ಬೆಳಿಗ್ಗೆ ಗಾಜಿನಲ್ಲಿ ಮೂವತ್ತೆಂಟು ಮಿಲಿಮೀಟರ್!
ಕಾಲಕೆಳಗೆ ನೋಡಿದೆ:
ನಿನ್ನೆ ಗುಬ್ಬಿ ಮಿಂದ ಧೂಳಿನ ಗುಳಿ ಹಾಗೇ ಇತ್ತು,
ಎರೆಹೊಲದ ಬಿರುಕುಗಳ ಬಾಯಿ ಮುಚ್ಚಿರಲಿಲ್ಲ.
ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ.
ಸುಣ್ಣ.
ಆಕಾಶದಲ್ಲಿ ಯಾರೂ ಬೋರ್ ಕೊರೆಸಿಲ್ಲವಲ್ಲ.

ಬೇವಿನ ಹಿಂದೆ ಎರಡು ಮೊಣಕಾಲು ಕಂಡವು.
ಮೌನೇಶ, ಕಟಿಂಗ್ ಅಂಗಡಿಯವರ ಹುಡುಗ.
ಬೇಲಿ ಹಾರಿದ ಗೀರು, ಕೈಯಲ್ಲಿ ಖಾಲಿ ಬಾಟಲಿ.
ಬೈಯಲು ಬಾಯಿ ತೆರೆದೆ; ಅವನೇ ಶುರುಮಾಡಿದ:
"ಪೇಪರಿನ್ಯಾಗ ದಿನಾ ಮಳಖೇಡ ಬರ್ತದ ಅಕ್ಕಾ.
ಅವರ ಊರ ಹೆಸರಿನ್ಯಾಗೇ ಮಳಿ ಅದ.
ನಮ್ಮ ಹಾಲಗೊಂಡಿ ಒಮ್ಮೆರೆ ಬರ್ಲಿ ಅಂತ…"

ದಿನಾ ಅಪ್ಪನ ಅಂಗಡಿಯಲ್ಲಿ, ಗಿರಾಕಿ ಬಿಟ್ಟುಹೋದ ಪೇಪರಿನಲ್ಲಿ,
ಕೂದಲು ಝಾಡಿಸಿ, ಎಲ್ಲಿ ಎಷ್ಟು ಮಳೆ ಎಂಬ ಸಣ್ಣ ಪೆಟ್ಟಿಗೆಯನ್ನು
ಬೆರಳಿಟ್ಟು ಓದುತ್ತಾನಂತೆ.
ನನಗೆ ತಿಳಿದಂತೆ ಆ ಪೆಟ್ಟಿಗೆಗೆ
ಇಡೀ ಊರಿನಲ್ಲಿ ಅವನೊಬ್ಬನೇ ಓದುಗ.

ಮೂವತ್ತೆಂಟನ್ನು ಬೇವಿನ ಬುಡಕ್ಕೆ ಚೆಲ್ಲಿದೆ.
ಸೊನ್ನೆ ಬರೆದೆ, ಅವನ ಕಣ್ಣೆದುರೇ.
ಷರಾದಲ್ಲಿ ಏನೂ ಬರೆಯಲಿಲ್ಲ.
ಪೆನ್ನು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಆ ರಾತ್ರಿ ಎಣಿಸಲು ಪುರುಸೊತ್ತೇ ಕೊಡಲಿಲ್ಲ.
ಮಿಂಚು ಗುಡುಗು ಒಂದೇ ಬಾಯಲ್ಲಿ,
ಡಬ್ಬಿ ಕೊಡಗಳು ನಡುಮನೆಯಲ್ಲಿ ಕಿಣಿಕಿಣಿ,
ಗೋಡೆಯ ಗಡಿಯಾರ ಬಿತ್ತು.
ಇಷ್ಟೆಲ್ಲ ಆಗಿ ಹನಿ ಮಾತ್ರ ಹತ್ತು ನಿಮಿಷ.

ಎಂಟೂವರೆಗೆ ಬೇಲಿ ಹಾರದೆ ಗೇಟಿನಿಂದ ಬಂದ.
ಗಾಜು ಅವನ ಕೈಗೆ ಕೊಟ್ಟೆ.
"ಕಣ್ಣು ನೀರಿನ ಮಟ್ಟಕ್ಕ ತರಬೇಕು.
ಮ್ಯಾಲಿಂದ ನೋಡಿದ್ರ ಸುಳ್ಳು ಹೇಳ್ತದ."
ಹಸಿ ಮಣ್ಣಲ್ಲಿ ಮೊಣಕಾಲೂರಿದ, ಉಸಿರು ಹಿಡಿದ.
"ಎರಡು… ಎರಡು ಪಾಯಿಂಟ್ ಆರು.
ಇಷ್ಟೇ ಏನಕ್ಕಾ?"
"ಇಷ್ಟೇ."

ಫೋನು ಬಂತು. ಅವನ ಕಿವಿಗೇ ಹಿಡಿದೆ.
ಅಂಕಿ ಹೇಳಿದ, ಇಸ್ಕೂಲಿನ ಮಗ್ಗಿಯಂತೆ ಜೋರಾಗಿ.
ಆ ಕಡೆಯವರು ಇಡುವ ಮೊದಲೇ
ಯಾರೂ ಕೇಳದ ಮಾತೊಂದು ಸೇರಿಸಿದ:
"ಭಾಳ ಗುಡುಗ್ಯದರಿ ಸರ್,
ಅದನ್ನೂ ಬರಕೋರಿ."