ಮಗ್ಗ ೨೧೧೭

ನವನಗರದ ಕಚೇರಿಯಲ್ಲಿ ನನ್ನ ಕುರ್ಚಿ
ಕಿಟಕಿಗೆ ಬೆನ್ನು ಕೊಟ್ಟು ಕೂತಿದೆ.
ಬೆನ್ನ ಹಿಂದೆ ಎಲ್ಲೋ ಹಿನ್ನೀರು, ಅದರಡಿ ನಮ್ಮಪ್ಪನ ಮನೆ,
ಅದಕ್ಕೂ ಒಂದು ನಂಬರಿತ್ತು.
ನಾನು ಮರೆತಿಲ್ಲ. ಯಾರೂ ಕೇಳಿಲ್ಲ, ಅಷ್ಟೇ.

ಗುಳೇದಗುಡ್ಡದಿಂದ ದಾವಲಸಾಬ
ವಾರಕ್ಕೊಂದು ಕಟ್ಟು ಫಾರ್ಮು ತಂದು ಹಾಕುತ್ತಾನೆ.
ಹಸಿರು ಶಾಯಿ, ಕಾಳು ಚೆಲ್ಲಿದಂಥ ಅಕ್ಷರ,
ಮೂಲೆಗೆ ಒಮ್ಮೊಮ್ಮೆ ಚಹಾದ ಉಂಗುರ.
ಕುಣಿಮಗ್ಗ ಎಷ್ಟು, ನೇಯುವವರು ಯಾರು,
ವಯಸ್ಸು, ತಿಂಗಳಿಗೆ ಎಷ್ಟು ಖಣ.
ನಾನು ಒತ್ತುತ್ತೇನೆ. ಯಂತ್ರ ನಂಬರು ಕೊಡುತ್ತದೆ,
ಒಬ್ಬರದು ಇನ್ನೊಬ್ಬರಿಗೆ ಬಾರದಂತೆ.

ಮೊನ್ನೆ ಹಾಗೆಯೇ ಒತ್ತಿದೆ:
ಬನಶಂಕರವ್ವ ಹುಲಮನಿ, ಹತ್ತೊಂಬತ್ತು ವರ್ಷ, ಮಗ್ಗ ಒಂದು.
ಕೆಂಪು ಗೆರೆ ಬಂತು.
ಈ ದಾಖಲೆ ಈಗಾಗಲೇ ಇದೆ.

ತೆಗೆದು ನೋಡಿದೆ. ಇತ್ತು, ೨೧೧೭.
ಹಳೇ ಸರ್ವೆಯ ಹುಳ ತಿಂದ ರಿಜಿಸ್ಟರಿನಿಂದ
ನಾನೇ ಏರಿಸಿದ್ದು, ಹೋದ ಶ್ರಾವಣದಲ್ಲಿ.
ಅದೇ ಓಣಿ, ಅದೇ ಮನೆ, ಅದೇ ಹೆಸರು.
ವಯಸ್ಸು ಎಪ್ಪತ್ತೊಂದು. ತಿಂಗಳಿಗೆ ನಲವತ್ತು ಖಣ.

ದಾವಲಸಾಬ ಫೋನಿನಲ್ಲಿ ನಕ್ಕ.
‘ಅದು ಮುದುಕಿದ್ರೀ ಅಕ್ಕಾರ, ಹೋಗಿ ಇಪ್ಪತ್ತು ವರ್ಷಾತು.
ಮರುವರ್ಷ ಹುಡುಗಿ ಹುಟ್ಟಿತು, ಅದನ್ನ ಇಟ್ರು.
ಕರಿಯೂದು ಅವ್ವಿ ಅಂತ.
ಅತ್ತಿ ಹೆಸರು ಸೊಸಿ ಬಾಯಾಗ ಹೆಂಗ ತರತಾಳ?’

ಇಪ್ಪತ್ತು ವರ್ಷ.
ನನ್ನ ಪರದೆಯಲ್ಲಿ ಮಾತ್ರ ಮುದುಕಿ ಇನ್ನೂ ನೇಯುತ್ತಿದ್ದಳು,
ಹಬ್ಬವಿಲ್ಲ, ಅಮಾಸೆಯಿಲ್ಲ,
ತಿಂಗಳಿಗೆ ನಲವತ್ತು ತಪ್ಪದೆ.

ಹುಡುಗಿಯೇ ಫೋನು ಕಸಿದುಕೊಂಡಳು.
‘ಆಯಿ ನಂಬರ ನನಗ ಕೊಡ್ರಿ ಮ್ಯಾಡಮ್.
ಹೆಸರು ಆಯಿದು, ಮಗ್ಗ ಆಯಿದು,
ಕುಣಿಯಾಗ ಆಯಿ ಕಾಲಿಟ್ಟಲ್ಲಿ ತಗ್ಗು ಬಿದ್ದೈತಿ,
ನನ್ನ ಕಾಲು ಅದರಾಗ ಸರಿಯಾಗಿ ಕೂಡ್ತಾವ.
ನಂಬರೊಂದು ಯಾಕ ಬ್ಯಾರೆ?’

ಯಾಕೆ ಬೇರೆ ಎಂದು ನನಗೂ ತಿಳಿಯಲಿಲ್ಲ.
ಬೆಳಗಾವಿಗೆ ಫೋನು ಹಚ್ಚಿದೆ.
ತಂತ್ರಾಂಶ ಬರೆದ ಭರತೇಶ
ಊಟದ ನಡುವೆ, ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದ:
‘ಅಳಸಬ್ಯಾಡ್ರಿ. ಚಾಲ್ತಿಯಿಲ್ಲ ಅಂತ ಗುರುತು ಹಾಕ್ರಿ.
ಹೊಸಾಕಿಗೆ ಹೊಸಾದು.
ಹೋದವರ ನಂಬರ ಇದ್ದವರಿಗೆ ಕೊಡಂಗಿಲ್ಲ,
ಗೊಂದಲ ಆಗತೈತಿ.’

ಗೊಂದಲ ಆಗಲಿ ಅಂತಲೇ ಅಲ್ಲವೇ
ನಮ್ಮವರು ಹೆಸರಿಡುವುದು?
ತೊಟ್ಟಿಲಿಗೆ ಬಾಗಿ ಕೂಗಿದರೆ
ಇಬ್ಬರೂ ಓ ಅನ್ನಲಿ ಅಂತ.
ಇದನ್ನ ಭರತೇಶನಿಗೆ ಹೇಳಲಿಲ್ಲ.
ಅವನ ತಪ್ಪೇನಿದೆ, ಪಾಪ. ಸಹಾಯಧನದ ದುಡ್ಡು
ಸತ್ತವರ ಖಾತೆಗೆ ಹೋದದ್ದನ್ನು ಕಂಡವನು ಅವನು.

ಮಧ್ಯಾಹ್ನ ಮೂರೂಕಾಲಿಗೆ ಗುರುತು ಹಾಕಿದೆ.
ಸಾಲು ಬೂದಿ ಬಣ್ಣಕ್ಕೆ ತಿರುಗಿತು.
ಲಾಳಿ ನಿಂತ ಸಪ್ಪಳ ಕೇಳಿಸಿತು ಅಂದರೆ ಸುಳ್ಳಾದೀತು.
ಫ್ಯಾನು ತಿರುಗುತ್ತಿತ್ತು, ಪಕ್ಕದ ಮೇಜಿನವಳು
ಮಗನ ಜ್ವರದ ಮಾತಾಡುತ್ತಿದ್ದಳು.
ಅವ್ವಿಗೆ ೬೮೪೦ ಬಂತು.

ಈ ವಾರದ ಕಟ್ಟಿನ ಜೊತೆ
ಒಂದು ಖಣ ಬಂದಿದೆ, ಅವ್ವಿ ಕಳಿಸಿದ್ದು.
ಗಿಣಿಹಸಿರು ಮೈ, ಕೆಂಪು ಅಂಚು,
ತುದಿಯಲ್ಲಿ ಮೂರು ಹಳದಿ ಗಂಟು.
ಆಯಿ ಹಾಕುತ್ತಿದ್ದ ಗಂಟಂತೆ.
ನೂರು ಖಣದ ರಾಶಿಯಲ್ಲಿ ಸಾವುಕಾರ
ಇಂದಿಗೂ ಇದನ್ನೇ ನೋಡಿ
ಇದು ಹುಲಮನಿ ಮಗ್ಗದ್ದು ಎಂದು ಎತ್ತಿಡುತ್ತಾನಂತೆ.

ಫಾರ್ಮಿನಲ್ಲಿ ಇದಕ್ಕೆ ಜಾಗವಿಲ್ಲ.
ಕೊನೆಗೆ ಷರಾ ಎಂಬ ಕಾಲಮು ಉಂಟು,
ಇನ್ನೂರು ಅಕ್ಷರ, ಯಾರೂ ಓದುವುದಿಲ್ಲ,
ಯಂತ್ರವೂ ಅಲ್ಲಿ ತಾಳೆ ನೋಡುವುದಿಲ್ಲ.
ಎರಡೂ ದಾಖಲೆ ತೆರೆದು
ಎರಡರಲ್ಲೂ ಒಂದೇ ಮಾತು ಬರೆದೆ:

ಮೂರು ಹಳದಿ ಗಂಟು. ಚಾಲ್ತಿ ಇದೆ.