ಹಳೇ ಪತ್ತಾ

ಹೊಸಾ ಕಂಪ್ಯೂಟರ್ ಬಂದು ಮೂರು ದಿನ.
ಸದ್ದ ಇಲ್ಲ ಇದಕ್ಕ. ಫ್ಯಾನ್ ತಿರಗತೈತೋ ಇಲ್ಲೋ
ಕೈ ಒಡ್ಡಿ ನೋಡಬೇಕು,
ಮಲಗಿದ ಕೂಸಿನ ಮೂಗಿಗೆ ಬೆರಳ ಹಿಡಿದಂಗ.
ಹಳೇದು ಒದರತಿತ್ತು, ಜ್ವಾಳದ ಗಿರಣಿ.
ಒದರಕೋತನ ಹಾಡತಿತ್ತು.

ಇದು ಬರೇ ಪಟ್ಟಿ ತೋರಸತೈತಿ:
ನಲವತ್ತೊಂದು ಸಾವಿರದ ಮುನ್ನೂರಾ ಆರು ಹಾಡು,
ಒಂದೊಂದರ ಮುಂದೂ ಒಂದು ಬೂದಿಬಣ್ಣದ ಉದ್ಗಾರ.
ಒತ್ತಿದರ ಕೇಳತೈತಿ:
‘ಫೈಲ್ ಸಿಗಲಿಲ್ಲ. ತಾವೇ ಹುಡುಕುತ್ತೀರಾ?’
ಇಷ್ಟು ಮರ್ಯಾದಿ ಕೊಟ್ಟು
ಯಾರೂ ನನ್ನ ಹೊರಗ ಹಾಕಿದ್ದಿಲ್ಲ.

ಹೆಸರ ನೋಡಿ ಹುಡಕೂಣಂದರ
ಅವನ್ನೆಲ್ಲಾ ನುಡಿಯಾಗ ಹೊಡದಿದ್ದೆ,
ರಾತ್ರಿ ಅಂಗಡಿ ಶಟರ್ ಅರ್ಧಾ ಇಳಿಸಿ, ಒಂದ ಬೆರಳಿಲೆ.
ಈಗ ಅಲ್ಲೆ ಪೌಂಡಿನ ಗುರುತು,
ಟೊಪಗಿ ಹಾಕ್ಕೊಂಡ ಎ, ಬಾಲ ಬಂದ ಸಿ.
ಗುಳೇದಗುಡ್ಡದ ಭಜನಿ ಯಾವದು,
ಶಿರೂರಿನ ಡೊಳ್ಳಿನ ಪದ ಯಾವದು?
ಹಾಡಿದವರಿಗೆಲ್ಲಾ ಒಂದ ಹೆಸರು: ಅಜ್ಞಾತ ಕಲಾವಿದ.
ಹಾಡಿಗೆಲ್ಲಾ ಒಂದ ಹೆಸರು: ಟ್ರ್ಯಾಕ್ ಒಂದು.

ಪಾಲಿಟೆಕ್ನಿಕ್ ಹುಡಿಗಿ ಮುಬೀನಾ ಬಾಗವಾನ
ಹೆಲ್ಮೆಟ್ ಫ್ರಿಜ್ ಮ್ಯಾಲ ಇಟ್ಟು ಕುಂತಳು, ನೋಡಿದಳು.
‘ಕಾಕಾ, ಹಾಡ ಎಲ್ಲೂ ಹೋಗಿಲ್ಲರಿ.
ಮೊದಲ ಡಿ ಒಳಗಿದ್ದೂ, ಈಗ ಎಫ್ ಒಳಗ ಅದಾವ.
ನಿಮ್ಮ ಪಟ್ಟಿ ಇನ್ನೂ ಡಿ ಬಾಗಲಾನ ಬಡಿಯಾಕ್ಹತ್ತೈತಿ.’

ನಗೂ ಬಂತು ನನಗ.
ಅಕಿ ಹುಟ್ಟಿದ್ದ ನವನಗರದಾಗ, ಅಕೀಗೇನು ಗೊತ್ತು.
ಹಿನ್ನೀರ ಬಂದು ಬಾಗಲಕೋಟಿ ಅರ್ಧಾ ಎದ್ದು ನಿಂತಾಗ
ನಮ್ಮ ಓಣಿ ಹೋಗಿ ಸೆಕ್ಟರ್ ಬಂತು,
ಮನೀ ಹೆಸರು ಹೋಗಿ ನಂಬರ್ ಬಂತು.
ಕ್ಯಾಸೆಟ್ ಕಂಪನಿ ಮಾತ್ರ ಎರಡು ವರ್ಷ
ಹಳೇ ಪತ್ತಾಕ್ಕ ಬಾಕಿ ಕೇಳಿ ಬರೀತಿತ್ತು.
ಪೋಸ್ಟಿನ ಯಮನಪ್ಪ ಬಿಸಲಾಗ ಸೈಕಲ್ ತುಳದು ಬಂದು
‘ನಿಮ್ಮ ಅಂಗಡಿ ನೀರಾಗೈತಿ, ನೀವ ಇಲ್ಲಿದ್ದೀರಿ,
ಯಾರ ಕೈಯಾಗ ಕೊಡ್ಲಿ?’ ಅಂತಿದ್ದ.
ಕೊಟ್ಟು ನೀರ ಕುಡದು ಹೋಗತಿದ್ದ.

‘ಒಂದು ಹಾಡಿಗೆ ದಾರಿ ತೋರಸ್ರಿ,’ ಅಂದಳು ಮುಬೀನಾ,
‘ಉಳದವು ಬೆನ್ನ ಹತ್ತಿ ಬರತಾವ.’
ಬಂದೂ.
ಉದ್ಗಾರ ಒಂದೊಂದಾಗಿ ಅಳಿದೂ,
ಕರೆಂಟ್ ಬಂದಾಗ ಓಣಿ ತುದೀಲಿಂದ ಬೆಳಕ ನಡಕೋತ ಬರೂವಂಗ.

ಆಮ್ಯಾಲ ಶುರುವಾತು ಇನ್ನೊಂದು:
ಎಲ್ಲಾ ಎರಡೆರಡು.
‘ಜೋಡಿ ತಗೀಲ್ರಿ? ಜಾಗಾ ಉಳೀತೈತಿ.’
ತಗೀವಾ, ತಗಿ ಅಂದೆ. ಸಾವಿರಗಟ್ಲೆ ಹೋದೂ.
ಗೀಗೀ ಬಾಳವ್ವನ ಪದಕ್ಕ ಬಂದಾಗ ಕೈ ಹಿಡದೆ.
ಒಂದ ಪದ, ಒಂದ ಹೊತ್ತು, ಖರೆ,
ಆದರ ಒಂದರಾಗ ನಡುವ ಕರೆಂಟ್ ಹೋಗೈತಿ.
ಟೇಪು ಸೆಲ್ಲಿನ ಮ್ಯಾಲ ಏದುಸಿರು ಬಿಡತೈತಿ,
ತುಂತುಣಿ ನಿಂತಿಲ್ಲ,
ಯಾರೋ ಕಡ್ಡಿ ಗೀರತಾರ, ಬಾಳವ್ವ ಅಂತಾಳ,
‘ಹಚ್ಚಬ್ಯಾಡೋ ದೀಪಾ,
ಈಗ ಸಾಲು ನೆಟ್ಟಗ ಕಾಣಾಕ್ಹತ್ಯಾವು.’
ಮಷೀನಿಗೆ ಎರಡೂ ಒಂದ.

ಹತ್ತೊಂಬತ್ತು ಇನ್ನೂ ಬೂದಿಬಣ್ಣದಾಗ ಉಳದಾವ.
ಹೆಸರ ಅಳಸಲೇನು ಅಂದಳು. ಬ್ಯಾಡ ಅಂದೆ.
ಬ್ಯಾಸಗ್ಯಾಗ ನೀರ ಇಳದರ
ನಮ್ಮ ಅಂಗಡಿ ಪಾವಟಿಗಿ ಎರಡು ಕಾಣತಾವ.

ಮುನ್ನೂರಾ ಐವತ್ತು ತಗೊಂಡು ಅಕಿ ಹೋದ ಮ್ಯಾಲ
ಬಾಳವ್ವನ್ನ ಹಚ್ಚಿ ಕುಂತೆ.
ಹಾಡಿನ ಹಿಂದ ಏನೋ ಗರಗರ.
ಬಂತಪಾ, ಹೊಸದೂ ಕೆಟ್ಟಿತು ಅಂತ ಕೈ ಒಡ್ಡಿದೆ.
ಡಬ್ಬಿ ತಣ್ಣಗ, ಸುಮ್ಮಕ.
ಆವಾಗ ನೆನಪಾತು:
ವಾಯರ್ ಇರಲಿಲ್ಲ ನನ್ನ ಹತ್ರ,
ಟೇಪಿನ ಮುಂದ ಮೈಕ್ ಹಿಡದು ಕುಂತಿದ್ದೆ ಆರು ವರ್ಷ,
ಬಾಜೂಕ ಹಳೇ ಡಬ್ಬಿ ಒದರತಿತ್ತು.
ಪ್ರತಿ ಪದದ ಹಿಂದೂ ಐತಿ ಅದು,
ಜ್ವಾಳ ಬೀಸಕೋತ.